ಜಾಲಿ ಬೆಣೆಯ ಹೊರಸು

ಇವತ್ತು ಅಂಗಳ ಗುಡಿಸಿದೆ, ನಳಕ್ಕೆ ಸರದಿ ನಿಂತು ನಾಲ್ಕು ಕೊಡ ತಂದೆ, ತೊಗರಿ ಹಸನು ಮಾಡಿದೆ, ನಮ್ಮವರ ಅಂಗಿಗೆ ಗುಂಡಿ ಹಚ್ಚಿದೆ. ಇಷ್ಟಾದ ಮೇಲೆ ಬರೆಯಲು ಕೂತೆ, ರುಕ್ಮಾ — ನಿನ್ನ ಹೊರಸನ್ನು ಗೆದ್ದಲು ತಿನ್ನಲಿಲ್ಲ. ನಾನೇ ಕೊಟ್ಟೆ.

ಆ ಬರದ ವರ್ಷ ಗಂಡ-ಹೆಂಡತಿ ಖಟಕ ಚಿಂಚೋಳಿ ಬಿಟ್ಟು ಪುಣೆಗೆ ಕಟ್ಟಡ ಕೆಲಸಕ್ಕೆ ಹೊರಟಾಗ ಮನೆಯ ಕೀಲಿಕೈ ನನ್ನ ಕೈಗಿಟ್ಟಿದ್ದಿರಿ. ಒಳಗೆ ನೀವು ಮಲಗುವ, ನಿನ್ನ ಗಂಡ ತಾನೇ ಹಗ್ಗ ಹೆಣೆದು ಮಾಡಿದ ಹೊರಸಿತ್ತು — ಒಂದು ಕಾಲು ಗಿಡ್ಡ, ಅದಕ್ಕೆ ಜಾಲಿಕಟ್ಟಿಗೆಯ ಬೆಣೆ. ಬೀದರಿನಿಂದ ಒಬ್ಬ ಡಿಸೈನ್ ಹುಡುಗಿ ಬಂದಿದ್ದಳು. ಹಳೆಯ ಹೊರಸಿಗೆ ದೀಪ ಕೂಡಿಸಿ ಹೊಸ ನಮೂನೆಯ ಆಸನ ಮಾಡುತ್ತಾಳಂತೆ, ಕೊಟ್ಟವರ ಹೆಸರು ಪ್ರದರ್ಶನದ ಗೋಡೆ ಮೇಲೆ ಬರೆಸುತ್ತಾಳಂತೆ. ನನ್ನ ಮನೆಯಲ್ಲೂ ಒಂದು ಹೊರಸಿತ್ತು. ಅದನ್ನು ಬಿಟ್ಟು ನಿನ್ನ ಕೀಲಿ ತೆಗೆದೆ. ಹೆಸರು ಮಾತ್ರ ನನ್ನದು ಹೇಳಿದೆ.

ಮಳೆ ಬಂದ ಮೇಲೆ ನೀನೊಬ್ಬಳೇ ತಿರುಗಿ ಬಂದಿ. ಅವನು ಕಟ್ಟಡದ ಮೇಲಿಂದ ಬಿದ್ದು ತೀರಿಹೋಗಿದ್ದ. ಮೊದಲು ಕೇಳಿದ್ದು ಹೊರಸನ್ನೇ. ಗೆದ್ದಲು ತಿಂತು ಅಂದೆ. ನಂಬಿದಿ — ನಂಬಿ, ಮನೆ ಕಾದದ್ದಕ್ಕೆ ನನ್ನ ಕೈ ಹಿಡಕೊಂಡಿ.

ಬೀದರಿನ ಪ್ರದರ್ಶನಕ್ಕೆ ಊರ ಹೆಂಗಸರನ್ನು ಟೆಂಪೋದಲ್ಲಿ ಕರೆಸಿದ್ದರು, ನೀನೂ ಬಂದಿ. ನಿನಗೆ ಓದು ಬಾರದು, ಗೋಡೆಯ ಹೆಸರಿನ ಹೆದರಿಕೆ ನನಗಿರಲಿಲ್ಲ. ಮಬ್ಬುಗತ್ತಲೆಯ ಕೋಣೆ, ನಡುವೆ ಹೊರಸು, ಮೇಲೆ ತಂತಿಗೆ ಜೋತ ದೀಪದ ಗೊಂಚಲು. ಎರಡೂ ತುದಿಗೆ ಇಬ್ಬರು ಕೂತರೇ ಬೆಳಕು — ಆಟ ಅದು. ನೀನು ಒಂದು ತುದಿಗೆ ಕೂತಿ. ದೀಪ ಹತ್ತಲಿಲ್ಲ. ನಿನ್ನ ಕೈ ಕೆಳಗಿಳಿದು, ತಡವಿ, ಬೆಣೆಯ ಮೇಲೆ ನಿಂತಿತು.

"ಅಕ್ಕಾ, ಇದು ನಮ್ಮವರ ಕೈಲೆ ಮಾಡಿದ್ದು ಇದ್ದಂಗ ಅದರಿ. ಆ ಕಡಿ ಕೂಡ್ರಿ, ಬೆಳಕಿನ್ಯಾಗ ನೋಡ್ತೇನಿ."

ಕೂಡಬೇಕಿತ್ತು. ಎರಡು ಹೆಜ್ಜೆ, ಅಷ್ಟೇ —

"ಬರಗಾಲದಾಗ ಎಲ್ಲಾರ ಹೊರಸೂ ಕುಂಟೇ ಆಗ್ಯಾವ," ಅಂದೆ. "ಮಂದಿ ಸಾಮಾನ ಅದ. ಏಳು."

ಹೆಂಗಸರು ನಕ್ಕರು. ನಾನೂ ನಕ್ಕೆ. ನೀನು ಎದ್ದು, ಕೂತ ಜಾಗವನ್ನು ಸೆರಗಿನಿಂದ ಒರೆಸಿದಿ. ನೀನು ಬೆನ್ನು ತಿರುಗಿಸಿದ ಮೇಲೆ ಯಾರೋ ಇಬ್ಬರು ಕೂತರು, ದೀಪ ಹತ್ತಿತು.

ಹೊರಸು ಊರೂರು ಪ್ರದರ್ಶನಕ್ಕೆ ಹೋಯಿತು. ಹುಡುಕಿಸಿದೆ, ಸಿಗಲಿಲ್ಲ. ನೀನು ಇಂದಿಗೂ ನೆಲದ ಮೇಲೇ ಮಲಗುತ್ತಿ. ನಾಳೆ ನಿನ್ನ ಮುಂದೆ ಕೂತು ಇದನ್ನು ಓದಿ ಹೇಳುತ್ತೇನೆ. ನೀನು ಏಳು ಅಂದರೆ ಏಳುತ್ತೇನೆ.

ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ. ನಿನಗೂ ಒಂದು ಬಟ್ಟಲು ಕೊಟ್ಟು, ಹೊಸ್ತಿಲಿಂದಲೇ ತಿರುಗಿ ಬಂದೆ. ನಮ್ಮವರು ಮೊದಲು ಮಲಗಿದರು — ನಮ್ಮ ಹೊರಸಿನ ಮೇಲೆ.