ಹಡಗಿಗೆ ಹಾಕಿದ ಕೊಕ್ಕೆ

ತವಿಟಯ್ಯನನ್ನು ಅವನ ತಾಯಿ ತೌಡು ಕೊಟ್ಟು ಕೊಂಡಿದ್ದಳು. ಮೊದಲೆರಡು ಮಕ್ಕಳು ತೊಟ್ಟಿಲಲ್ಲೇ ಹೋದ ಮೇಲೆ ಹುಟ್ಟಿದ ಇವನನ್ನು ಪಕ್ಕದ ಮನೆಯವಳ ಕೈಗಿಟ್ಟು, ಒಂದು ಮೊರ ತೌಡು ಅಳೆದುಕೊಟ್ಟು ವಾಪಸು ತಂದಳು. ಇಷ್ಟು ಅಗ್ಗದ ಸರಕಿಗೆ ಯಮ ಕೈಹಾಕಲಾರ ಎಂಬುದು ಶ್ರೀಕಾಕುಳದ ತಾಯಂದಿರ ಲೆಕ್ಕ. ಯಮನೂ ಒಪ್ಪಿಕೊಂಡಂತಿತ್ತು. ಹುಡುಗ ಬೆಳೆದ, ರಾಮುಲಮ್ಮನನ್ನು ಮದುವೆಯಾದ, ವಿಶಾಖಪಟ್ಟಣದ ಒಂದು ರಿಪೇರಿ ಯಾರ್ಡಿನಲ್ಲಿ ಹಡಗುಗಳಿಗೆ ಬಣ್ಣ ಬಳಿಯುತ್ತ ತಲೆ ನರೆಸಿಕೊಂಡ. ಬಣ್ಣದ ಬದುಕು ಅನ್ನುವ ಹಾಗಿಲ್ಲ. ಇದ್ದದ್ದು ಎರಡೇ ಬಣ್ಣ, ನೀರಿನ ಕೆಳಗೆ ಕೆಂಪು, ಮೇಲೆ ಬೂದು.

ಹಿಂದೆಲ್ಲ ಹಡಗಿನ ಅಂಚಿನಿಂದ ಎರಡು ಹಗ್ಗ, ಹಗ್ಗದಲ್ಲೊಂದು ಹಲಗೆ, ಹಲಗೆಯ ಮೇಲೆ ತವಿಟಯ್ಯ. ಹಲಗೆಯನ್ನು ನಂಬುವಂತಿರಲಿಲ್ಲ. ಆದ್ದರಿಂದ ಸೊಂಟದ ಬೆಲ್ಟಿನ ಕೊಕ್ಕೆಯನ್ನು ಹಡಗಿನ ಕಂಬಿಗೇ ಸಿಕ್ಕಿಸಬೇಕು. ಒಮ್ಮೆ ಹಗ್ಗ ಹರಿದು ಹಲಗೆ ಕೆಳಗೆ ಬಿದ್ದು ಚೂರಾಯಿತು; ತವಿಟಯ್ಯ ಮಾತ್ರ ಕಂಬಿಗೆ ಜೋತುಬಿದ್ದು ಬದುಕಿದ. ಅಂದಿನಿಂದ ಅವನ ಕೈ, ಅವನನ್ನು ಕೇಳದೆಯೇ ಹಡಗಿನ ಕಡೆ ಹೋಗುತ್ತಿತ್ತು.

ಆಮೇಲೆ ಬೂಮ್ ಲಿಫ್ಟ್ ಬಂತು. ಗಾಲಿಗಳ ಮೇಲೊಂದು ಉದ್ದನೆಯ ಕಬ್ಬಿಣದ ತೋಳು, ತೋಳಿನ ತುದಿಗೆ ಇಬ್ಬರು ನಿಲ್ಲುವಷ್ಟು ಬುಟ್ಟಿ. ಬೆಲ್ಟೂ ಬದಲಾಯಿತು: ಭುಜ, ತೊಡೆ ಎಲ್ಲ ಸುತ್ತಿಕೊಳ್ಳುವ ಪಟ್ಟಿ, ಅದಕ್ಕೆರಡು ಹಗ್ಗ, ಹಗ್ಗದ ತುದಿಗೊಂದೊಂದು ಕೊಕ್ಕೆ. ಬುಟ್ಟಿ ನಡೆಸಲು ತರಬೇತಿ ಪಡೆದವನು ರಾಮುಲಮ್ಮನ ತಮ್ಮ ಕೋದಂಡಂ. ಕೊಕ್ಕೆಯನ್ನು ಬುಟ್ಟಿಯೊಳಗಿನ ಕಬ್ಬಿಣದ ಬಳೆಗೇ ಹಾಕಬೇಕೆಂದು ಅವನ ವರಾತ.

"ಲೋ, ಬುಟ್ಟಿ ಬಿದ್ರೆ ಬುಟ್ಟಿಗೇ ಕಟ್ಕೊಂಡೋನ ಗತಿಯೇನು? ಒಟ್ಟಿಗೇ ಮೆರವಣಿಗೆ!"

"ಬುಟ್ಟಿ ಬೀಳೋದಲ್ಲ ಭಾವ, ಒದರುತ್ತೆ. ಎತ್ತಿನ ಬಾಲದ ಮೇಲಿನ ನೊಣದ ಥರ ನೀನು ಆಚೆ ಹಾರ್ತೀಯ. ಹಡಗಿಗೆ ಹಾಕಿದ್ಯೋ, ಬುಟ್ಟಿ ಒಂದ್ಕಡೆ, ನೀನೊಂದ್ಕಡೆ."

"ಬಳೆ ತೊಡೋದು ನಿಮ್ಮಕ್ಕನ ಕೆಲಸ ಕಣೋ."

"ನಿನ್ ಕೈಗೂ ತೊಡಿಸ್ತಾಳೆ, ತಡಿ."

ಕೆಳಗೆ ಎಲ್ಲರೂ ನೋಡುವಾಗ ತವಿಟಯ್ಯ ಬಳೆಗೇ ಹಾಕಿದ. ಮೇಲೆ ಹೋಗಿ ಕೋದಂಡಂ ಅತ್ತ ತಿರುಗಿದಾಗ ಬಿಚ್ಚಿ ಕಂಬಿಗೆ ಸಿಕ್ಕಿಸಿದ. ಮೊದಲ ಕೆಲವು ದಿನ ಇಳಿಯುವ ಮುಂಚೆ ನೆನಪಿಟ್ಟು ಬಿಚ್ಚಿಕೊಂಡ. ಒಂದು ದಿನ ಚಹಾದ ಸೈರನ್ ಕೂಗಿತು, ಕೋದಂಡಂ ಲಿವರ್ ಒತ್ತಿದ, ತವಿಟಯ್ಯ ಮರೆತ.

ಬುಟ್ಟಿ ಇಳಿಯಿತು, ಹಗ್ಗ ಇಳಿಯಲಿಲ್ಲ. ಅವನನ್ನು ಎದೆ ಹಿಡಿದು ಎತ್ತಿ, ಬುಟ್ಟಿಯ ಅಂಚಿನಾಚೆ ಎಳೆದು ಹಡಗಿನ ಮೈಗೆ ಅಪ್ಪಳಿಸಿತು. ಬಲಭುಜದಲ್ಲಿ ಏನೋ ಲಟಕ್ಕೆಂದಿತು. ಕೋದಂಡಂ ಗಕ್ಕನೆ ನಿಲ್ಲಿಸಿದ. ಭಾರ ಕಳೆದುಕೊಂಡ ಬುಟ್ಟಿ ಚಿಮ್ಮಿತು. ಅದರೊಳಗೆ ಕೋದಂಡಂ ಕೂಡ ತಳ ಬಿಟ್ಟು ಮೇಲೆ ಹಾರಿದ. ಬಳೆಗೆ ಹಾಕಿದ್ದ ಅವನ ಗಿಡ್ಡ ಹಗ್ಗ ಜಗ್ಗಿ ಅವನನ್ನು ಒಳಗೇ ಕುಕ್ಕಿತು. ತವಿಟಯ್ಯ ಜೋತಾಡುತ್ತಲೇ ಅದನ್ನು ಕಂಡ.

ಡೆಕ್ಕಿನವರೆಲ್ಲ ಚಹಾಕ್ಕೆ ಇಳಿದಿದ್ದರು. ತೊಡೆಯ ಪಟ್ಟಿ ಬಿಗಿದು ಕಾಲು ಜೋಮು ಹಿಡಿಯತೊಡಗಿತು. ಕೋದಂಡಂ ಬುಟ್ಟಿಯನ್ನು ಇಂಚಿಂಚೇ ತಂದು ಅವನ ಪಾದದ ಕೆಳಗೆ ನಿಲ್ಲಿಸಿ, ಸೊಂಟ ಹಿಡಿದು ಒಳಗೆಳೆದು, ಖಾಲಿ ಇದ್ದ ಇನ್ನೊಂದು ಕೊಕ್ಕೆಯನ್ನು ಬಳೆಗೆ ಹಾಕಿದ.

"ಈಗ ಕಂಬೀದು ಬಿಚ್ಚು ಭಾವ."

ಎಡಗೈ ಕೊಕ್ಕೆಯನ್ನು ಮುಟ್ಟಿತು, ಒತ್ತಲಿಲ್ಲ. ಬಿಚ್ಚಿದರೆ ಹಡಗು ಕೈಬಿಟ್ಟುಹೋಗುತ್ತದೆ.

"ಬಿಚ್ಚು."

"ಆಗ್ತಿಲ್ವೋ."

ಕೋದಂಡಂ ಕೈಚಾಚಿದ. ಅವನ ಗಿಡ್ಡ ಹಗ್ಗ ಅಲ್ಲಿಗೆ ಎಟುಕುವಷ್ಟು ಬಿಡಲಿಲ್ಲ. ಕೆಳಗೆ ನೋಡಿದ, ಭಾವನ ಬಿಳಿಚಿದ ಮುಖ ನೋಡಿದ, ಆಮೇಲೆ ಬಗ್ಗಿ ತನ್ನದೇ ಕೊಕ್ಕೆಗೆ ಬೆರಳು ಹಾಕಿದ.

"ಮುಟ್ಟಬೇಡ! ನಿಂದು ಬಿಚ್ಚಿದ್ಯೋ, ಒದ್ದುಬಿಡ್ತೀನಿ!"

ತವಿಟಯ್ಯ ಕಣ್ಣು ಮುಚ್ಚಿ ಕಂಬಿಯ ಕೊಕ್ಕೆಯನ್ನು ಒತ್ತಿದ. ಅದು ಕಳಚಿಕೊಂಡಿತು. ಬುಟ್ಟಿ ಸಣ್ಣಗೆ ತೂಗಿತು, ನಿಂತಿತು. ಇಬ್ಬರೂ ಇಳಿದರು.

ಭುಜ ಕೂಡಿಕೊಂಡರೂ ಆ ಕೈ ಮತ್ತೆ ತಲೆಯ ಮಟ್ಟಕ್ಕೆ ಏಳಲಿಲ್ಲ. ಮುಂದೆ ತವಿಟಯ್ಯನ ಪಾಲಿಗೆ ನೆಲದ ಮೇಲೆ ನಿಂತು ಬಳಿಯುವ ಕೆಂಪು ಬಣ್ಣವಷ್ಟೇ ಉಳಿಯಿತು.

ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವನಿಗೆ ನೋಯುತ್ತಿದ್ದದ್ದು ಭುಜವಲ್ಲ. ಹೊಸ್ತಿಲ ಬಳಿ ಕೂತಿದ್ದ ಕೋದಂಡಂ ಒಂದೂ ಕೊಂಕು ಆಡಿರಲಿಲ್ಲ. ಭಾವನನ್ನು ಆಡಿಕೊಳ್ಳದೆ ಒಂದು ಹೊತ್ತಿನ ಅಂಬಲಿಯನ್ನೂ ಕುಡಿಯದವನು!

"ಏನಾಯ್ತು ಅಂತ ಇಬ್ರೂ ಬಾಯಿ ಬಿಡ್ತಿಲ್ವಲ್ಲ?" ಎಂದಳು ರಾಮುಲಮ್ಮ.

"ಮಿಷನ್ನು ಸ್ವಲ್ಪ ಜರ್ಕ್ ಹೊಡೀತು ಅಕ್ಕ, ಅಷ್ಟೇ," ಎಂದ ಕೋದಂಡಂ, ನೆಲ ನೋಡುತ್ತ.

"ಮಿಷನ್ನಲ್ಲ," ಎಂದ ತವಿಟಯ್ಯ. "ನಾನು ಕೊಕ್ಕೆ ಹಡಗಿಗೆ ಹಾಕಿದ್ದೆ. ಬಿಚ್ಚೋಕೆ ಧೈರ್ಯ ಸಾಲ್ಲಿಲ್ಲ. ನನಗೋಸ್ಕರ ಇವನು ತನ್ನ ಕೊಕ್ಕೇನೇ ಬಿಚ್ಚೋಕೆ ಹೋದ. ನಿನ್ನ ತಮ್ಮನ್ನ ಕೊಂದುಬಿಡ್ತಿದ್ದೆ ಕಣೇ."

ರಾಮುಲಮ್ಮ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ತಮ್ಮನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಬಂದು, ಗಂಡನ ಎಡಕ್ಕೆ, ಪೆಟ್ಟಾಗದ ಭುಜಕ್ಕೆ ಒರಗಿ ಕೂತಳು.