ಬರಿಗಾಲಿನ ಜಂಬ, ಇಪ್ಪತ್ತು ನಿಮಿಷದ ನಡಿಗೆ

ಈ ವಿಷಯ ಬರೆಯುವುದನ್ನು ಮೂರು ತಿಂಗಳಿಂದ ಮುಂದೂಡುತ್ತಾ ಬಂದಿದ್ದೇನೆ. ನಡುವೆ ಈ ಅಂಕಣದಲ್ಲಿ ಬಸ್ ಸ್ಟ್ಯಾಂಡಿನ ತಿರುಗದ ಫ್ಯಾನಿನ ಬಗ್ಗೆ ಬರೆದೆ. ಮಿರ್ಚಿಯ ಗಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವ ಬಗ್ಗೆ ಬರೆದೆ. (ಅದಕ್ಕೆ ಮೂವರು ಫೋನ್ ಮಾಡಿ ಹೊಗಳಿದಿರಿ. ಥ್ಯಾಂಕ್ಸ್.) ಬರೆಯಬೇಕಾದ್ದನ್ನು ಮಾತ್ರ ಬರೆಯಲಿಲ್ಲ.

ಇವತ್ತು ಬರೆಯುತ್ತೇನೆ. ಯಾಕೆಂದರೆ ಇವತ್ತು ಬಹಳ ಖುಷಿಯಲ್ಲಿದ್ದೇನೆ. ಬೆಳಿಗ್ಗೆ ಇಪ್ಪತ್ತು ನಿಮಿಷ ನಡೆದೆ. ಕಾಲು ನೋಯಲಿಲ್ಲ!

ಇಪ್ಪತ್ತು ನಿಮಿಷಕ್ಕೆ ಇಷ್ಟು ಸಂಭ್ರಮವೇ ಅಂತ ನಗಬೇಡಿ. ಪೂರ್ತಿ ಕೇಳಿ.

ಹಗರಿಬೊಮ್ಮನಹಳ್ಳಿಯಿಂದ ನಮ್ಮದೊಂದು ಗುಂಪು ಪ್ರತಿ ವರ್ಷ ಕೊಟ್ಟೂರಿಗೆ ಪಾದಯಾತ್ರೆ ಹೋಗುತ್ತದೆ. ಬರಿಗಾಲು. ಹೊರಟ ಮೇಲೆ ಗಾಡಿ ಹತ್ತುವಂತಿಲ್ಲ. ಇಪ್ಪತ್ತೆರಡು ವರ್ಷದಿಂದ ಗುಂಪಿಗೆ ನಾನೇ ಮುಂದಾಳು. ಯಾರೂ ಆರಿಸಿದ್ದಲ್ಲ. ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದೆ, ಅಷ್ಟೆ. ಮೂವತ್ತು ವರ್ಷ ಬಸ್ ಕಂಡಕ್ಟರಾಗಿ ನಿಂತೇ ದುಡಿದ ಕಾಲು ಅಂತ ಜಂಬ ಬೇರೆ.

ಈ ಸಲ ಸೊಸೆ ನನ್ನ ಫೋನಿಗೆ ಹೆಜ್ಜೆ ಎಣಿಸುವ ಆ್ಯಪ್ ಹಾಕಿಕೊಟ್ಟಳು. ಅಲ್ಲಿಗೆ ಕೆಟ್ಟಿತು. ಯಾತ್ರೆಗೆ ತಿಂಗಳಿರುವಾಗ ಪ್ರಾಕ್ಟೀಸ್ ಶುರು ಮಾಡಿದೆ. ಬರಿಗಾಲಲ್ಲಿ, ಡಾಂಬರು ರಸ್ತೆ ಮೇಲೆ. ಮೊದಲ ದಿನ ಐದು ಸಾವಿರ ಹೆಜ್ಜೆ. ವಾರದೊಳಗೆ ಹದಿನೈದು ಸಾವಿರ. ಫೋನು ಪಟಾಕಿ ಹಾರಿಸಿ ಶಹಬ್ಬಾಸ್ ಅನ್ನುತ್ತಿತ್ತು. ಎಪ್ಪತ್ತೊಂದನೇ ವಯಸ್ಸಿನಲ್ಲಿ ಶಹಬ್ಬಾಸ್ ಯಾರಿಗೆ ಬೇಡ? ಪಾದದ ಮೇಲೆ ಸಣ್ಣಗೆ ನೋವು ಕಾಣಿಸಿತು. ಎಣ್ಣೆ ತಿಕ್ಕಿ ಮತ್ತೆ ನಡೆದೆ. ಹನ್ನೆರಡನೇ ದಿನ ಬಚ್ಚಲಿಗೂ ಗೋಡೆ ಹಿಡಿದು ಹೋಗಬೇಕಾಯಿತು.

ಡಾಕ್ಟರು ನನ್ನ ಮೊಮ್ಮಗಳ ವಯಸ್ಸಿನ ಹೆಣ್ಣುಮಗಳು. ಎಕ್ಸ್‌ರೇ ಬೆಳಕಿಗೆ ಹಿಡಿದು ಕೇಳಿದಳು.

"ಅಜ್ಜಾರ, ಎಲ್ಲಿ ಬಿದ್ರಿ?"

"ಬಿದ್ದಿಲ್ಲವ್ವ. ನಡದೆ."

"ನಡದು ನಡದು ಎಲುಬಿಗೆ ಬಿರುಕು ಬಿಡಸ್ಕೊಂಡೀರಿ ನೋಡ್ರಿ. ಎಲುಬಿಗೂ ಪುರುಸೊತ್ತು ಬೇಕು. ಇವತ್ತು ಸವದಿದ್ದು ನಾಳಿ ಕೂಡಬೇಕು. ನೀವು ಕೂಡಾಕ ಟೈಮೇ ಕೊಟ್ಟಿಲ್ಲ."

ಸ್ಟ್ರೆಸ್ ಫ್ರ್ಯಾಕ್ಚರ್ ಅಂತೆ. ಆರು ವಾರ ರೆಸ್ಟ್. ಪಾದಯಾತ್ರೆ ಕ್ಯಾನ್ಸಲ್.

"ಮನಸು ಗಟ್ಟಿ ಮಾಡಿದ್ರ ನಡೀಬೋದೇನವ್ವ?" ಅಂತ ಕೊನೆಗೊಮ್ಮೆ ಕೇಳಿ ನೋಡಿದೆ.

"ಮನಸು ಗಟ್ಟಿನೇ ಐತ್ರಿ. ಎಲುಬು ಗಟ್ಟಿ ಇಲ್ಲ. ಇದು ಭಕ್ತಿ ವಿಷಯ ಅಲ್ರಿ ಅಜ್ಜಾರ."

ಆ ಮಾತಿಗೆ ನನ್ನ ಕಿವಿ ಬಿಸಿಯಾಯಿತು. ಯಾಕೆ ಅಂತ ಹೇಳುತ್ತೇನೆ. ಮೊದಲು ಖುಷಿಯ ಭಾಗ ಮುಗಿಸಿಬಿಡುತ್ತೇನೆ.

ಆರು ವಾರ ಕಳೆದ ಮೇಲೆ ಹೊಸ ಪಾಠ. ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ನೆಲಕ್ಕೆ ಹಾಸಿದ ಟವೆಲನ್ನು ಕಾಲ್ಬೆರಳಲ್ಲಿ ಮುದುರುವುದು. (ಮಾಡಿ ನೋಡಿ, ಬೆವರು ಬರುತ್ತದೆ.) ಆಮೇಲೆ ದಪ್ಪ ಅಟ್ಟೆಯ ಶೂ ಹಾಕಿ ಐದು ನಿಮಿಷ ನಡಿಗೆ, ದಿನ ಬಿಟ್ಟು ದಿನ. ನೋವಿಲ್ಲದಿದ್ದರೆ ಮುಂದಿನ ವಾರ ಸ್ವಲ್ಪ ಜಾಸ್ತಿ. ನೋವು ಬಂದರೆ ಹಿಂದಿನ ವಾರದ ಲೆಕ್ಕಕ್ಕೇ ವಾಪಸ್.

ಪಂಚೆಗೆ ಸ್ಪೋರ್ಟ್ಸ್ ಶೂ! ಪಕ್ಕದ ಮನೆಯ ಬಸಮ್ಮ ಬಿಡುತ್ತಾಳೆಯೇ? "ಏನ್ರಿ ಮಾವಾರ, ಒಲಿಂಪಿಕ್ಸಿಗೆ ಸೆಲೆಕ್ಟ್ ಆಗೀರೇನು?"

ಟೈಮ್ ನೋಡುವುದು ನನ್ನ ಹೆಂಡತಿ ಗಂಗಮ್ಮ. ಎಲ್ಲಿಂದಲೋ ನನ್ನ ಹಳೇ ಕಂಡಕ್ಟರ್ ಸೀಟಿ ಹುಡುಕಿ ತೆಗೆದಳು. ಕಟ್ಟೆ ಮೇಲೆ ಕೂತು ಊದುತ್ತಾಳೆ. ಅರ್ಧ ನಿಮಿಷವೂ ಜಾಸ್ತಿ ಬಿಡುವುದಿಲ್ಲ.

"ಹೊಳ್ರಿ, ಸಾಕು! ಮೂವತ್ತು ವರ್ಷ ಸೀಟಿ ಹೊಡದು ಬಸ್ ನಿಂದರ್ಸೀರಿ. ಈಗ ನೀವು ನಿಂದರ್ರಿ."

ನಿಂತೆ. ನಿಂತಲ್ಲಿ ಏನೇನೆಲ್ಲ ಕಂಡಿತು ಗೊತ್ತೇ? ನಲವತ್ತು ವರ್ಷದಿಂದ ಇದೇ ಓಣಿಯಲ್ಲಿದ್ದೇನೆ. ಮೂಲೆಮನೆಯವರ ಬಾಗಿಲಿಗೆ ಏಳು ಹಿತ್ತಾಳೆ ಗಿಣಿಗಳಿವೆ, ಒಂದರ ಕೊಕ್ಕು ಮುರಿದಿದೆ ಅನ್ನುವುದು ಈಗ ತಿಳಿಯಿತು. ಮರುವಾರ ಹಿಟ್ಟಿನ ಗಿರಣಿಯವರೆಗೆ ಹೋದೆ. ಬಿಸಿ ಜೋಳದ ಹಿಟ್ಟಿನ ವಾಸನೆಗೆ ಹಸಿವಾಗಿ ಎರಡು ರೊಟ್ಟಿ ಜಾಸ್ತಿ ತಿಂದೆ. ಬಸ್ಸಿನ ಸ್ಟೇಜಿನ ಹಾಗೆ ವಾರಕ್ಕೊಂದು ಸ್ಟೇಜು ಮುಂದೆ. ಈಗ ಸೀಟಿ ಕೇಳಿಸದಷ್ಟು ದೂರ ಹೋಗುತ್ತೇನೆ. ಅದಕ್ಕೆ ಗಂಗಮ್ಮ ಫೋನ್ ಮಾಡಿ, ಫೋನಿನಲ್ಲೇ ಊದುತ್ತಾಳೆ!

ಇವತ್ತಿನದು ಹೋಗಲು ಹತ್ತು ನಿಮಿಷ, ಬರಲು ಹತ್ತು. ಹತ್ತನೇ ನಿಮಿಷಕ್ಕೆ ಒಂದು ಟೈಲರ್ ಅಂಗಡಿ ಬರುತ್ತದೆ. ಅದರ ಎದುರಿನವರೆಗೆ ಹೋದೆ. ಒಳಗೆ ಹೋಗಲಿಲ್ಲ.

ಆ ಟೈಲರ್ ಹತ್ತನೇ ಕ್ಲಾಸಿನವರೆಗೆ ನನ್ನ ಪಕ್ಕದಲ್ಲೇ ಕೂತು ಓದಿದವನು. ಪಾದಯಾತ್ರೆಯಲ್ಲೂ ಪಕ್ಕದಲ್ಲೇ ನಡೆಯುತ್ತಿದ್ದ. ಹನ್ನೊಂದು ವರ್ಷದ ಹಿಂದೆ, ಅರ್ಧ ದಾರಿಯಲ್ಲಿ, ಊರವರು ನಮಗೆಲ್ಲ ಮಜ್ಜಿಗೆ ಹಂಚುತ್ತಿದ್ದಾಗ ಅವನು ಕಲ್ಲಿನ ಮೇಲೆ ಕೂತುಬಿಟ್ಟ.

"ಲೇ, ಪಾದ ಬಾಳ ನೋಯಾಕತ್ತೈತಿ. ತಿಂಗಳಿಂದ ಮಿಷಿನ್ ತುಳದು ತುಳದು ಹಿಂಗಾಗೈತಿ. ನಾ ಬಸ್ಸಿಗೆ ಬರ್ತೀನಿ, ನೀವು ನಡೀರಿ."

ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: "ಕಾಲು ನೋಯಾಕತ್ತಿಲ್ಲಲೇ, ನಿನ್ನ ಭಕ್ತಿ ಕಮ್ಮಿ ಆಗೈತಿ. ಹೋಗು, ಬಸ್ಸಿನ್ಯಾಗ ಹೆಂಗಸರ ಸೀಟಿಗೆ ಕುಂದ್ರು."

ಗುಂಪು ನಕ್ಕಿತು. ಮಜ್ಜಿಗೆ ಕೊಡುವವರೂ ನಕ್ಕರು. ಅವನು ಲೋಟ ಕೆಳಗಿಟ್ಟ. ಎದ್ದ. ಕೊಟ್ಟೂರಿನವರೆಗೂ ನಡೆದ.

ಆಮೇಲೆ ಎರಡು ತಿಂಗಳು ಅವನ ಮಿಷಿನ್ ನಿಂತೇ ಇತ್ತು. ಟೈಲರಿಗೆ ಕಾಲೇ ಅನ್ನ. ನಾನು ನೋಡಲು ಹೋಗಲಿಲ್ಲ. ಮುಂದಿನ ವರ್ಷ ಅವನು ಯಾತ್ರೆಗೆ ಬರಲಿಲ್ಲ. "ನಾ ಹೇಳಿದ್ದು ಖರೆ ಆತಿಲ್ಲ?" ಅಂತ ಗುಂಪಿಗೆ ಹೇಳಿಕೊಂಡು ಮತ್ತೊಮ್ಮೆ ನಗಿಸಿದೆ. ಮೊದಲನೆಯದು ಬಾಯಿಜಾರಿ ಬಂದಿತ್ತು ಅನ್ನಬಹುದು. ಈ ಎರಡನೆಯದಕ್ಕೆ ಏನನ್ನಲಿ?

ಅಲ್ಲಿಂದ ಎದುರಾದರೆ "ಆರಾಮ?", "ಆರಾಮ". ಅಷ್ಟೇ.

ಕಾಲು ಕೈಕೊಟ್ಟಾಗ ತಪ್ಪು ಗೊತ್ತಾದರೂ, ಅವನಲ್ಲಿಗೆ ಹೋಗದಿರಲು ನನಗೊಂದು ಒಳ್ಳೆಯ ನೆಪ ಸಿಕ್ಕಿತು. ಅಂಗಡಿ ದೂರ, ಡಾಕ್ಟರು ಅಷ್ಟು ದೂರ ಬಿಟ್ಟಿಲ್ಲ. ಇವತ್ತು ಮನೆಗೆ ಬಂದು ಇಪ್ಪತ್ತು ನಿಮಿಷ ಆಯಿತು ಅಂತ ಕುಣಿದಾಡಿದರೆ, ಗಂಗಮ್ಮ ಸೀಟಿಯನ್ನು ಸೆರಗಿನಲ್ಲಿ ಒರೆಸುತ್ತಾ ಕೇಳಿದಳು: "ಅಂಗಡಿತನ ಹೋಗಾಕ ಡಾಕ್ಟ್ರು ಬಿಟ್ರು. ಒಳಗ ಹೋಗಾಕ ಇನ್ಯಾರ ಚೀಟಿ ಬೇಕ್ರಿ ನಿಮಗ?"

ನಾಡಿದ್ದು ಮತ್ತೆ ನಡಿಗೆಯ ದಿನ. ಹೋಗುತ್ತೇನೆ. ಆದರೆ ಅಷ್ಟು ಜನರೆದುರು ಆಡಿದ ಮಾತಿಗೆ ಅಂಗಡಿಯ ಮೂಲೆಯಲ್ಲಿ ಪಿಸುಗುಟ್ಟಿ ಕ್ಷಮೆ ಕೇಳಿದರೆ ಆಗುತ್ತದೆಯೇ? ಈ ಪತ್ರಿಕೆ ಆ ಅಂಗಡಿಗೂ ಬರುತ್ತದೆ. ಗಿರಾಕಿಗಳಿಗೆ ಅವನೇ ಗಟ್ಟಿಯಾಗಿ ಓದಿ ಹೇಳುತ್ತಾನಂತೆ. ಓದಲಿ. ಅಂದು ನಕ್ಕವರೂ ಕೇಳಲಿ.

ತಪ್ಪು ನಂದು. ಒಳಗ ಬರ್ಲೇನೋ, ಟೈಲರ್ ಕೊಟ್ರಪ್ಪ?