ಒಂದು ಮೊಳ ಹಗ್ಗ

ನಾನು ಚಿಕ್ಕವಳಾಗಿದ್ದಾಗ ನಂಜನಗೂಡಿನ ಕಡೆ ಬೆಟ್ಟಕ್ಕೆ ಹೋಗುವುದೆಂದರೆ ದೇವರಿಗೆ ಹೋಗುವುದೆಂದೇ ಅರ್ಥ. ಮುಡುಕುತೊರೆಯಾಗಲಿ, ಗೋಪಾಲಸ್ವಾಮಿ ಬೆಟ್ಟವಾಗಲಿ, ಮೇಲೊಂದು ಗುಡಿ, ಗುಡಿಯ ಮುಂದೆ ಕಾಯಿ ಒಡೆಯುವ ಕಲ್ಲು, ಇಳಿದು ಬಂದ ಮೇಲೆ ಪುರಿ ಕಡಲೆ, ಇವಿಷ್ಟೂ ಇರಲೇಬೇಕು. ಮೇಲೆ ದೇವರಿಲ್ಲದ ಗುಡ್ಡ ಹತ್ತುತ್ತಿದ್ದವರೆಂದರೆ ಕುರಿ ಕಾಯುವವರು, ಅವರನ್ನು ಬಿಟ್ಟರೆ ನಮ್ಮ ಮನೆಯವರು.

ಅಪ್ಪ ಸರ್ವೆಯರ್ ಆಗಿದ್ದರು. ನಂಜನಗೂಡಿನ ಮನೆಯಿಂದ ದಿನಾ ಬಸ್ಸಿನಲ್ಲಿ ತಿ. ನರಸೀಪುರಕ್ಕೆ ಹೋಗಿ, ಹೊಲ ಗದ್ದೆ ಅಳೆದು ಬರುತ್ತಿದ್ದರು. ವಾರವೆಲ್ಲ ಬಿಸಿಲಲ್ಲಿ ನಡೆದವರಿಗೆ ಭಾನುವಾರವೂ ನಡೆಯುವ ಚಪಲ.

"ದೇವ್ರಿಲ್ದ ಬೆಟ್ಟ ಹತ್ತಿ ಏನ್ ಪುಣ್ಯ ಬರುತ್ತೋ ಕಾಣೆ," ಎಂದು ಅಮ್ಮ ಅವರೆಕಾಳಿನ ಅಕ್ಕಿರೊಟ್ಟಿಯನ್ನು ಬಾಳೆಲೆಯಲ್ಲಿ ಕಟ್ಟುತ್ತಾ ಗೊಣಗುತ್ತಿದ್ದರು.

"ಚಪ್ಪಲಿ ಕಾಯೋ ಕೆಲಸ ಇಲ್ವಲ್ಲೇ, ಅದೇ ಪುಣ್ಯ," ಎನ್ನುತ್ತಿದ್ದರು ಅಪ್ಪ.

ಯಾರೋ ಬಚ್ಚಿಟ್ಟ ಡಬ್ಬಿಯನ್ನು ಮೊಬೈಲು ಹಿಡಿದು ಬೆಟ್ಟಗುಡ್ಡಗಳಲ್ಲಿ ಹುಡುಕುವ ಆಟವೊಂದಿದೆ, ಅದಕ್ಕೆ ಜಿಯೋಕ್ಯಾಚಿಂಗ್ ಅನ್ನುತ್ತಾರೆ ಎಂದು ಈಚೆಗೆ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಹೇಳಿದರು. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿದ್ದರಂತೆ. ನಾನು ಹೊಸದನ್ನು ಕೇಳುವವಳಂತೆ ಕೇಳಿಸಿಕೊಂಡೆ. ನಾವು ಅದನ್ನು ಡಬ್ಬಿ ಆಟ ಎನ್ನುತ್ತಿದ್ದೆವು. ನಮ್ಮಲ್ಲಿ ಮೊಬೈಲಿರಲಿಲ್ಲ, ಅಪ್ಪನ ಹಗ್ಗವಿತ್ತು.

ಹೊಲ ಅಳೆಯುವ ಕಚೇರಿಯ ಸರಪಳಿಯನ್ನು ಆಟಕ್ಕೆ ತರುವಂತಿಲ್ಲ ಎಂದು ಅಪ್ಪ ಅದೇ ಉದ್ದಕ್ಕೆ, ಮೂವತ್ಮೂರು ಅಡಿಗೆ, ಒಂದು ನೂಲಿನ ಹಗ್ಗ ಮಾಡಿದ್ದರು. ಆಮೇಲೆ ಕುಗ್ಗಬಾರದೆಂದು ಮೊದಲೇ ನೀರಲ್ಲಿ ನೆನೆಸಿ, ಎರಡು ಕಂಬಕ್ಕೆ ಬಿಗಿದು ಒಣಗಿಸಿದ್ದರು. ಎರಡು ತುದಿಗೂ ಕೋಲಿಗೆ ಸಿಕ್ಕಿಸಲು ಒಂದೊಂದು ಕುಣಿಕೆ. ಡಬ್ಬಿಯೆಂದರೆ ಹಾಲಿನ ಪುಡಿಯ ಹಳೆಯ ತಗಡಿನ ಡಬ್ಬಿ. ಅದರೊಳಗೆ ಒಂದು ಪುಟ್ಟ ನೋಟುಪುಸ್ತಕ, ಮೋಟು ಪೆನ್ಸಿಲು, ಗೋಲಿ, ಬಳೆ, ಹೇರ್‌ಪಿನ್ನು. ಹುಡುಕಿದವರು ಹೆಸರು ಬರೆದು, ಒಂದು ವಸ್ತು ತೆಗೆದುಕೊಂಡು ತಮ್ಮದೊಂದನ್ನು ಇಡಬೇಕು. ಆಮೇಲೆ ಬಚ್ಚಿಡುವ ಸರದಿ ಯಾರದೋ ಅವರು ಡಬ್ಬಿಯನ್ನು ಬೇರೊಂದು ಕಡೆ ಇಟ್ಟು, ಅಲ್ಲಿಗೆ ಹೋಗುವ ದಾರಿಯನ್ನು ಅಳತೆಯಲ್ಲಿ ಚೀಟಿ ಬರೆಯಬೇಕು. ಅಷ್ಟು ಹೊತ್ತು ಉಳಿದವರು ಗುಡ್ಡದ ಆಚೆ ಮಗ್ಗುಲಲ್ಲಿ ಕೂತಿರಬೇಕು. ಹದಿನೈದು ದಿನ ಬಿಟ್ಟು ಬಂದಾಗ ಇನ್ನೊಬ್ಬರು ಆ ಚೀಟಿ ಹಿಡಿದು ಹುಡುಕಬೇಕು. ಎಲ್ಲಿಂದ ಅಳತೆ ಶುರು ಎಂದರೆ ಗುಡ್ಡದ ಬುಡದಲ್ಲಿ ಗಡಿ ಗುರುತಿಗೆ ನೆಟ್ಟಿದ್ದ ಹಳೆಯ ಬಾಂದುಕಲ್ಲಿನಿಂದ.

ತೊಂಬತ್ತರ ದಶಕದ ಕೊನೆ. ನಾನಾಗ ಐದನೇ ಕ್ಲಾಸಿನಲ್ಲಿ ಇರಬೇಕು. ಇರಬೇಕು ಎಂದೇ ಬರೆಯುತ್ತೇನೆ. ಡೈರಿ ಬರೆಯುವ ಅಭ್ಯಾಸ ಹಿಡಿದದ್ದು ಕಾಲೇಜಿಗೆ ಬಂದ ಮೇಲೆ. ಅದರ ಹಿಂದಿನದಕ್ಕೆಲ್ಲ ನನ್ನ ತಲೆಯೊಂದೇ ಸಾಕ್ಷಿ, ಆ ಸಾಕ್ಷಿ ನನ್ನ ಪರ ವಾಲುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಆದರೆ ಆ ವರ್ಷದ ಚಳಿಗಾಲ, ದೀಪಾವಳಿಯಿಂದ ಶಿವರಾತ್ರಿಯವರೆಗೆ ನಾವು ಒಂದೇ ಗುಡ್ಡಕ್ಕೆ ಮತ್ತೆ ಮತ್ತೆ ಹೋದದ್ದು ಖಂಡಿತ. ಸುತ್ತಲಿನವರು ಅದನ್ನು ಕರಿಕಲ್ಲು ಗುಡ್ಡ ಎನ್ನುತ್ತಿದ್ದರು. ಬಸ್ಸಿಳಿದು ಹುರುಳಿ ಹೊಲಗಳ ನಡುವೆ ಒಂದು ಗಂಟೆ ನಡೆಯಬೇಕು. ಬಿಸಿಲೇರುತ್ತಿದ್ದಂತೆ ತುಂಬೆಯ ಘಾಟು, ಕುರಿ ಹಿಕ್ಕೆಯ ವಾಸನೆ, ದಾರಿಯುದ್ದಕ್ಕೂ ಎಲಚಿಹಣ್ಣು.

ಒಂದು ಸಲ ಕುರಿಯವನೊಬ್ಬ ನಮ್ಮ ಹಗ್ಗ ನೋಡಿ, "ಏನ್ ಸಾ, ಒಲ ಭಾಗ ಮಾಡ್ದಂಗೆ ಬಂಡೆಗೂ ಪೋಡಿ ಮಾಡಕ್ಕೆ ಬಂದ್ಬುಟ್ರಾ?" ಎಂದು ಕೇಳಿದ್ದ. ಅಪ್ಪ ನಕ್ಕೂ ನಕ್ಕೂ ಕೂತುಬಿಟ್ಟಿದ್ದರು.

ನಮ್ಮ ಜೊತೆಗೆ ಮಂಗಳ ಬರುತ್ತಿದ್ದಳು. ಅಪ್ಪನ ತಂಗಿಯ ಮಗಳು, ಕಳಲೆ ಊರಿನವಳು, ನನಗಿಂತ ಒಂದು ವರ್ಷ ದೊಡ್ಡವಳು. ಶನಿವಾರ ಸಂಜೆಯ ಬಸ್ಸಿಗೆ ನಮ್ಮ ಮನೆಗೆ ಬಂದರೆ ಸೋಮವಾರ ಬೆಳಿಗ್ಗೆ ಹೋಗುತ್ತಿದ್ದಳು. ತಂಗಿಯ ಮಗಳಾದ್ದರಿಂದ ಅಪ್ಪನಿಗೆ ಸೊಸೆ. "ಬಾಮ್ಮ ಸೊಸೆ" ಎಂದು ಅಪ್ಪ ಬಾಗಿಲಲ್ಲೇ ಕರೆಯುವಾಗ ಆ ದನಿಗೆ ಬರುತ್ತಿದ್ದ ಮೆದುತನ ನನಗೆ ಆಗುತ್ತಿರಲಿಲ್ಲ. ನನ್ನನ್ನು ಅವರು ಕರೆಯುತ್ತಿದ್ದುದು ಸಾಮಾನ್ಯವಾಗಿ ನೀರು ತರಲು.

ಮಂಗಳನಿಗೆ ಅಳತೆ ಹುಟ್ಟಿನಿಂದಲೇ ಬಂದಂತಿತ್ತು. ಇಳಿಜಾರಿನಲ್ಲಿ ಹಗ್ಗವನ್ನು ನೆಲಕ್ಕೆ ತಾಗಿಸದೆ ಮಟ್ಟಸವಾಗಿ ಎತ್ತಿ ಹಿಡಿಯಬೇಕು ಎಂದು ಅಪ್ಪ ಒಂದೇ ಸಲ ಹೇಳಿದ್ದು. ಅವಳ ಕೈ ಮತ್ತೆ ತಪ್ಪಲಿಲ್ಲ. ನಾನು ಎಡವುತ್ತಿದ್ದೆ, ಎಣಿಕೆ ಮರೆಯುತ್ತಿದ್ದೆ, ಮುಳ್ಳು ಚುಚ್ಚಿತೆಂದು ಕೂರುತ್ತಿದ್ದೆ. ಮೊದಲ ಸಲ ಡಬ್ಬಿ ಸಿಕ್ಕಿದ್ದು ನನಗೇ. ಆದರೆ ಅದನ್ನಿಟ್ಟವರು ಅಮ್ಮ, ರೊಟ್ಟಿ ಗಂಟಿನ ಪಕ್ಕದಲ್ಲೇ. ಆಮೇಲಿನ ಆಟವೆಲ್ಲ ಮಂಗಳನದು. ನಾನಿಟ್ಟರೂ ಅಪ್ಪ ಇಟ್ಟರೂ ಅವಳು ನೇರ ಹೋಗಿ ಕೈ ಹಾಕಿ ತೆಗೆಯುತ್ತಿದ್ದಳು. ಅವಳು ಬರೆದ ಚೀಟಿ ಹಿಡಿದು ಹೊರಟರೆ ಒಂದು ಗೇಣೂ ಆಚೀಚೆ ಆಗುತ್ತಿರಲಿಲ್ಲ.

"ನಮ್ಮ ಆಫೀಸಿನ ಟಿಪ್ಪಣಿನೂ ಇಷ್ಟು ಸರಿಯಾಗಿರಲ್ಲ ಕಣೇ," ಎಂದು ಅಪ್ಪ ಅಮ್ಮನಿಗೆ ತೋರಿಸುತ್ತಿದ್ದರು. ನನ್ನ ಚೀಟಿಗಳನ್ನು ಅವರು ಯಾರಿಗೂ ತೋರಿಸಿದ್ದು ನೆನಪಿಲ್ಲ. ತೋರಿಸಿಯೂ ಇರಬಹುದು. ಹೊಟ್ಟೆಕಿಚ್ಚಿಗೆ ಇಂಥದ್ದೆಲ್ಲ ನೆನಪಿರುವುದಿಲ್ಲ.

ಮಂಗಳ ಹಗ್ಗಕ್ಕೆ ಅಗ್ಗ, ಹಳ್ಳಿಗೆ ಅಳ್ಳಿ ಎನ್ನುವುದನ್ನು ನಾನು ಆಡಿಕೊಂಡು ನಗುತ್ತಿದ್ದೆ. ಒಮ್ಮೆ ಅಪ್ಪ ಕೇಳಿಸಿಕೊಂಡರು. "ಅವಳ ಬಾಯಲ್ಲಿ ಒಂದಕ್ಷರ ಬಿದ್ದುಹೋಗುತ್ತೆ, ನಿಜ. ಕೈಯಲ್ಲಿ ಒಂದು ಅಂಗುಲ ಬೀಳಲ್ಲ. ನೀನು ಅದನ್ನ ಕಲಿ," ಎಂದರು. ಬೈದಿದ್ದರೆ ಅತ್ತು ಮರೆಯುತ್ತಿದ್ದೆ. ಅವರು ಬೈಯಲಿಲ್ಲ, ಬುದ್ಧಿ ಹೇಳಿದರು.

ಸಂಕ್ರಾಂತಿಯ ನಂತರದ ಒಂದು ಭಾನುವಾರ ಮಂಗಳ ಡಬ್ಬಿ ಇಟ್ಟು ಚೀಟಿ ಬರೆದಳು. ಬಾಂದುಕಲ್ಲಿನಿಂದ ಪಡುವಲಕ್ಕೆ ನಾಲ್ಕು ಹಗ್ಗ, ಅಲ್ಲಿಂದ ಬಡಗಲಿಗೆ ಎರಡು ಹಗ್ಗ. ಮುಂದಿನ ಸಲ ಹುಡುಕುವ ಸರದಿ ನನ್ನದು.

ಆ ಮುಂದಿನ ಸಲದ ಹಿಂದಿನ ದಿನ, ಶನಿವಾರ, ಅರ್ಧ ದಿನದ ಸ್ಕೂಲು ಮುಗಿಸಿ ಬಂದೆ. ಅಪ್ಪ ಕಚೇರಿಯಿಂದ ಬಂದಿರಲಿಲ್ಲ, ಮಂಗಳನ ಬಸ್ಸಿಗೂ ಹೊತ್ತಿತ್ತು. ಗೋಡೆಯ ಗೂಟದಲ್ಲಿ ಅಪ್ಪನ ಭಾನುವಾರದ ಚೀಲ ತೂಗುತ್ತಿತ್ತು. ಹಗ್ಗ ತೆಗೆದೆ. ಒಂದು ತುದಿಯ ಕುಣಿಕೆ ಬಿಚ್ಚಿ, ಮೊಣಕೈಯಿಂದ ಬೆರಳ ತುದಿಗೆ ಅಳೆದು, ಒಂದು ಮೊಳ ಕತ್ತರಿಸಿದೆ. ದೊಡ್ಡವರ ಮೊಳವೇ ಆಗಬೇಕೆಂದು ನಾಲ್ಕು ಬೆರಳು ಹೆಚ್ಚು ಸೇರಿಸಿದ್ದು ಕೂಡ ನೆನಪಿದೆ. ನನ್ನ ಬದುಕಿನಲ್ಲಿ ಅಷ್ಟು ಜಾಗ್ರತೆಯಿಂದ ನಾನು ಅಳೆದದ್ದು ಅದೊಂದನ್ನೇ. ಮತ್ತೆ ಕುಣಿಕೆ ಕಟ್ಟಿ, ಹೊಸದಾಗಿ ಕಾಣಬಾರದೆಂದು ಮಣ್ಣು ಸವರಿ, ತುಂಡನ್ನು ಬಚ್ಚಲೊಲೆಗೆ ಹಾಕಿದೆ.

"ಏನೇ ಅದು ಕಮಟು ವಾಸ್ನೆ?" ಎಂದು ಅಮ್ಮ ಹಿತ್ತಲಿಂದ ಕೂಗಿದರು.

"ಹಳೇ ಬತ್ತಿ ಕಣಮ್ಮ," ಎಂದೆ.

ಡಬ್ಬಿ ಸಿಗದಿರಲಿ ಎಂಬುದು ನನ್ನ ಆಸೆಯಾಗಿರಲಿಲ್ಲ. ಮಂಗಳ ತಪ್ಪು ಅಳೆದಳು ಎಂದು ಅಪ್ಪನ ಬಾಯಲ್ಲಿ ಒಂದೇ ಒಂದು ಸಲ ಬರಬೇಕು, ನಾನದನ್ನು ಕೇಳಬೇಕು. ಅಷ್ಟಾದರೆ ನನಗೆ ಸಾಕಿತ್ತು.

ಬಂತು. ಭಾನುವಾರ ನಾನು ಚೀಟಿ ಓದುತ್ತಾ ಹೋದೆ, ಅಪ್ಪ ಕೋಲು ನೆಡುತ್ತಾ ಬಂದರು. ನಾಲ್ಕು ಹಗ್ಗ, ಎರಡು ಹಗ್ಗ. ಕೊನೆಯ ಕೋಲು ನಿಂತದ್ದು ಒಂದು ಕಾರೆ ಗಿಡದ ಬುಡದಲ್ಲಿ. ನಾನು ಕಲ್ಲೆತ್ತಿ, ಕಡ್ಡಿಯಿಂದ ಕೆದಕಿ, ಹುಡುಕುವ ನಾಟಕ ಆಡಿದೆ. ಏನಿದ್ದೀತು ಅಲ್ಲಿ.

ಬಂಡೆಯ ಮೇಲೆ ಅಮ್ಮನ ಜೊತೆ ಕೂತಿದ್ದ ಮಂಗಳ ಎದ್ದು ಬಂದಳು. "ಅಲ್ಲಲ್ಲ ಮಾವ, ಇಲ್ಲಿ," ಎಂದು ಇನ್ನೂ ಸ್ವಲ್ಪ ಮೇಲಕ್ಕೆ ಹೋಗಿ, ಬಂಡೆಯೊಂದರ ಅಡಿಗೆ ಕೈ ಹಾಕಿ ಡಬ್ಬಿ ಎಳೆದಳು.

ಅಪ್ಪ ನಗುತ್ತಲೇ ಇದ್ದರು. "ಪರವಾಗಿಲ್ಲಮ್ಮ. ಒಂದ್ಸಲ ತಪ್ಪಿದೆ, ಅಷ್ಟೇ ತಾನೆ."

"ನಾನ್ ತಪ್ಪಿಲ್ಲ ಮಾವ. ಅಗ್ಗ ಗಿಡ್ಡ ಆಗದೆ."

ಅಪ್ಪನ ಮುಖ ಬದಲಾದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವಳು ಆಡಬಾರದ ಮಾತನ್ನು ಆಡಿದ್ದಳು, ಆದರೆ ಅದು ಅವಳಿಗೆ ಗೊತ್ತಿರಲಿಲ್ಲ. ಹೊಲದ ಗಡಿ ಗುರುತಿಸಿ ಹದ್ದುಬಸ್ತು ಮಾಡಿ ಕಲ್ಲು ನೆಟ್ಟು ಬಂದ ದಿನವೆಲ್ಲ, ಜಾಗ ಕಡಿಮೆ ಬಂದವನು ಅಪ್ಪನ ಹಿಂದೆ ಬಸ್‌ಸ್ಟಾಪಿನವರೆಗೂ ಬಂದು ಹೇಳುತ್ತಿದ್ದುದು ಆ ಮಾತನ್ನೇ: ನಿಮ್ ಸರಪಣಿ ಗಿಡ್ಡ ಅದೆ ಸಾ. ಅಪ್ಪ ಅದನ್ನು ಮನೆಗೆ ಬಂದು ಅಣಕಿಸಿ ನಗಿಸುತ್ತಿದ್ದರು. ನಗುತ್ತಿದ್ದರೂ ಅದು ಅವರಿಗೆ ಎಷ್ಟು ನೋಯುತ್ತಿತ್ತೆಂದು ಆ ಗುಡ್ಡದ ಮೇಲೆ ತಿಳಿಯಿತು.

"ಇಪ್ಪತ್ತು ವರ್ಷದಿಂದ ಇದನ್ನೇ ಕೇಳ್ತಾ ಇದೀನಿ," ಎಂದರು. "ಅವರು ಹೊಲಕ್ಕೋಸ್ಕರ ಅಂತಾರೆ. ನೀನು ಒಂದು ಡಬ್ಬಿಗೋಸ್ಕರ ಅಂತೀಯ?"

"ಅಳ್ದು ನೋಡಿ ಮಾವ."

"ತಪ್ಪು ಒಪ್ಕೊಂಡ್ರೆ ಯಾರೂ ಚಿಕ್ಕವರಾಗಲ್ಲ ಮಂಗಳ." ಸೊಸೆ ಎನ್ನಲಿಲ್ಲ.

"ಅಳ್ದು ನೋಡಿ ಅಂತಿವ್ನಿ," ಎಂದಳು. ಅಪ್ಪ ಹಗ್ಗ ಸುತ್ತಿ ಚೀಲಕ್ಕೆ ಹಾಕಿದರು. ಅವಳು ನನ್ನ ಕಡೆ ತಿರುಗಿದಳು. "ಉಮಾ, ನೀನಾದ್ರೂ ಏಳೆ."

"ನಂಗೇನ್ ಗೊತ್ತು," ಎಂದೆ.

ಅಮ್ಮ ರೊಟ್ಟಿ ಬಿಚ್ಚಿದರು. "ಒಂದು ತಗಡಿನ ಡಬ್ಬಿಗೆ ಎಷ್ಟು ಮಾತು ನಿಮ್ದು. ತಿನ್ನಿ ಮೊದ್ಲು." ಮಂಗಳ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ನಾನು ಎರಡು ತಿಂದೆ. ರುಚಿಯಾಗಿದ್ದವು. ಇದನ್ನು ಬರೆಯದೆ ಬಿಡಬೇಕೆನಿಸುತ್ತದೆ, ಆದರೆ ಆ ದಿನದ ಬೇರೆ ಎಷ್ಟೋ ವಿವರಗಳ ಬಗ್ಗೆ ಅನುಮಾನವಿರುವ ನನಗೆ ಆ ರುಚಿಯ ಬಗ್ಗೆ ಅನುಮಾನವಿಲ್ಲ.

ಮುಂದಿನ ಸಲ ಮಂಗಳ ಬರಲಿಲ್ಲ. ಪರೀಕ್ಷೆ ಎಂದು ಅತ್ತೆ ಹೇಳಿ ಕಳಿಸಿದರು. ಅದರ ಮುಂದಿನ ಸಲ ಜ್ವರ. ಅಪ್ಪನಿಗೆ ಅರ್ಥವಾಗಿರಬೇಕು, ಆದರೆ ಅವರಾಗಿ ಕಳಲೆಗೆ ಹೋಗಿ ಕರೆಯಲಿಲ್ಲ. ಈಗ ಅಪ್ಪ ಪೂರ್ತಿ ನನ್ನವರು. ನಾನು ಹುಡುಕುತ್ತಿದ್ದೆ, ಪ್ರತಿ ಸಲವೂ ಡಬ್ಬಿ ಸಿಗುತ್ತಿತ್ತು. ನನ್ನ ಅಳತೆ ತಪ್ಪಿ ಹಗ್ಗ ಮುಗಿದ ಕಡೆ ಸಿಗದಿದ್ದರೂ ಕಣ್ಣಿಗೆ ಕಾಣುವಂತೆ ಪೊದೆಯ ಮುಂದೆಯೇ ಅಪ್ಪ ಅದನ್ನು ಇಟ್ಟಿರುತ್ತಿದ್ದರು. ಚೀಟಿಯಲ್ಲಿ ಬರೀ ಎರಡು ಹಗ್ಗ, ಮೂರು ಹಗ್ಗ. "ಭೇಷ್" ಎನ್ನುತ್ತಾ ವಾಚು ನೋಡುತ್ತಿದ್ದರು. ಶಿವರಾತ್ರಿ ಕಳೆದು ಬಿಸಿಲು ಬಂತು. ಮರುವರ್ಷ ಗುಡ್ಡಕ್ಕೆ ಹೋಗುವ ಮಾತೇ ಬರಲಿಲ್ಲ.

ಅಪ್ಪ ತೀರಿಕೊಂಡು ಎರಡು ವರ್ಷವಾದ ಮೇಲೆ ನೆಂಟರೊಬ್ಬರ ಮನೆಯ ನಾಮಕರಣಕ್ಕೆ ನರಸೀಪುರಕ್ಕೆ ಹೋಗಿದ್ದೆ. ಒಳಕೋಣೆಯಲ್ಲಿ ಮಂಗಳ, ನಾನು, ಹತ್ತನೇ ಕ್ಲಾಸು ಪಾಸಾಗಿದ್ದ ಅವಳ ಮಗಳು, ಮೂವರೂ ತಾಂಬೂಲಕ್ಕೆ ವೀಳ್ಯದೆಲೆ ಒರೆಸಿ ಜೋಡಿಸುತ್ತಿದ್ದೆವು. ಮಗಳಿಗೆ ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಓದುವ ಆಸೆ.

"ಬೇಡ ಕಣೆ, ಅದ್ರಲ್ಲೆಲ್ಲ ಲೆಕ್ಕ ಜಾಸ್ತಿ," ಎಂದಳು ಮಂಗಳ. "ನಂಗೂ ಲೆಕ್ಕ ಅತ್ಲಿಲ್ಲ. ಅಳತೆ ಬತ್ತದೆ ಅಂತ ಎಗರಾಡ್ತಿದ್ದೆ, ಮಾವ ಬೆಟ್ಟದ ಮೇಲೆ ತೋರಿಸ್ಕೊಟ್ರಲ್ಲ. ನಾನೇ ಎಣಿಸೋದ್ರಲ್ಲಿ ತಪ್ಪಿದ್ದೆ."

ಕಹಿಯಿಲ್ಲದೆ, ನಗುತ್ತಲೇ ಹೇಳಿದಳು. ಹಗ್ಗ ಗಿಡ್ಡವೆಂದು ಹಟ ಹಿಡಿದಿದ್ದ ಹುಡುಗಿ ಅವಳ ನೆನಪಿನಲ್ಲಿ ಉಳಿದೇ ಇರಲಿಲ್ಲ. ನಾನು ಹೇಳಿದೆ. ಕುಣಿಕೆ, ಮೊಳ, ಬಚ್ಚಲೊಲೆ, ಎಲ್ಲವನ್ನೂ.

"ಬಿಡೆ, ನನ್ನ ಸಮಾಧಾನಕ್ಕೆ ಏಳ್ತಿದೀಯ. ಓದ್ದೋಳು, ಕತೆ ಕಟ್ಟೋದು ನಿಂಗೆ ಕಷ್ಟವಾ?"

ಮಗಳು ಎಲೆ ಒರೆಸುತ್ತಲೇ ಕೇಳಿದಳು. "ಮೊಳ ಅಂದ್ರೆ ಒಂದೂವರೆ ಅಡಿ ಅಲ್ವಾ ಅತ್ತೆ? ಎಷ್ಟು ಹಗ್ಗ ಅಳೀಬೇಕಿತ್ತು?"

"ಪಶ್ಚಿಮಕ್ಕೆ ನಾಲ್ಕು, ಉತ್ತರಕ್ಕೆ ಎರಡು."

"ಹಾಗಾದ್ರೆ ಪಶ್ಚಿಮಕ್ಕೆ ಆರಡಿ, ಉತ್ತರಕ್ಕೆ ಮೂರಡಿ ಕಮ್ಮಿ. ಡಬ್ಬಿಗಿಂತ ಒಂದಾಳುದ್ದ ಹಿಂದೇನೇ ನಿಂತಿರ್ತಾರೆ."

ಮಂಗಳನ ಕೈ ನಿಂತಿತು. "ಕಾರೆ ಗಿಡ," ಎಂದಳು. "ಮಾವ ಕೋಲು ನೆಟ್ಟಿದ್ದು ಅಲ್ಲಿ. ಅಲ್ಲಿಂದ ಬಂಡೆಗೆ ಒಂದ್ ಮಾರು ಇತ್ತು." ಆಮೇಲೆ ನನ್ನನ್ನು ನೋಡಿದಳು. "ಮಾವಂಗೆ ಏಳಿದ್ಯಾ?"

"ಇಲ್ಲ."

"ಯಾವತ್ತೂ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಬೈಯಲಿಲ್ಲ. ನಿಂತುಹೋದ ತನ್ನ ಓದಿನ ಮಾತನ್ನೂ ತೆಗೆಯಲಿಲ್ಲ. "ನಾನೇ ಸುಳ್ಳೇಳ್ದೆ ಅಂತ ತಿಳ್ಕೊಂಡೇ ಮಾವ ಕಣ್ಮುಚ್ಚಿದ್ರು, ಅಲ್ವಾ," ಎಂದಳು. ಕಣ್ಣು ಒರೆಸಿಕೊಂಡು ಮಗಳ ಕಡೆ ತಿರುಗಿ, "ಆ ಪಾಲಿಟೆಕ್ನಿಕ್ ಫಾರಂ ಎಲ್ಲಿಟ್ಟಿದೀಯ?" ಎಂದು ಕೇಳಿದಳು.

ಆಗಲೂ ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ. ಅಪ್ಪನಿಗಾಗಿ ಅವಳು ಅತ್ತಂತೆ ನಾನು ಎಂದೂ ಅತ್ತಿಲ್ಲವಲ್ಲ ಎಂಬ ಅದೇ ಹಳೆಯ ಉರಿ.

ಕಳೆದದ್ದು ಏನೆಂದು ಈಗ ಅಳೆಯಲು ಕೂತರೆ, ಗುಡ್ಡ ಇದ್ದಲ್ಲೇ ಇದೆ, ಬಸ್ಸು ಮೊದಲಿಗಿಂತ ಹೆಚ್ಚು. ಎಲಚಿಹಣ್ಣೂ ಬಿಡುತ್ತಿರಬೇಕು. ಇಲ್ಲದಿರುವುದು, "ಎಲ್ಲಿ ಕೊಡು, ಅಳೆದೇ ನೋಡೋಣ" ಎಂದು ಹಗ್ಗಕ್ಕೆ ಕೈ ಚಾಚಬಹುದಾಗಿದ್ದ ಮನುಷ್ಯ. ಅವರ ಬಾಯಿಂದ ಆ ಮಾತು ಹೊರಡಿಸಲು ನನ್ನ ಒಂದು ಮಾತು ಸಾಕಿತ್ತು. ಆ ಭಾನುವಾರದ ನಂತರವೂ ಎಷ್ಟೋ ವರ್ಷ ಒಂದೇ ಮನೆಯಲ್ಲಿ, ದಿನಾ ಅವರ ಎದುರು ಕೂತು ನಾನು ಊಟ ಮಾಡಿದೆ.